ಒಂದು ಕಸುಬಿಗೆ ಒಂದೇ ಕುರ್ಚಿ

ಗುರುವಾರ, ಬೆಳಗಿನ ಆರೂ ಮುಕ್ಕಾಲು.
ಥಂಡರ್ ಬೇಯಲ್ಲಿ ಇನ್ನೂ ರಾತ್ರಿಯೇ.
ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಎಂಜಿನ್ ಆರಿಸದೆ ಬಿಟ್ಟ ಹನ್ನೊಂದು ಗಾಡಿಗಳು
ದನಗಳ ಹಾಗೆ ಸಾಲಾಗಿ ನಿಂತು ಉಸಿರು ಬಿಡುತ್ತಿವೆ.
ಒಳಗೆ, ಐಲಿಯ ಹೋಟೆಲಿನ ಹಿಂದಿನ ಕೋಣೆಯಲ್ಲಿ
ಮೂರು ಮೇಜು ಸೇರಿ ಒಂದು ಮೇಜು.
ನಡುವಿನದರ ಕಾಲು ಗಿಡ್ಡ; ಅದರಡಿಗೆ
ನಾಲ್ಕು ಮಡಿಕೆ ಮಡಿಸಿ ಒತ್ತಿಟ್ಟದ್ದು
ಯಾರದೋ ಹೋದ ವರ್ಷದ ಗುರಿ.

ಗಂಟೆ ಬಾರಿಸುವವಳು ನಾನು.
ಬೀಗ ರಿಪೇರಿ ಕಸುಬು, ಹತ್ತೊಂಬತ್ತು ವರ್ಷದಿಂದ.
ತಲೆಗೆ ಅರವತ್ತು ಸೆಕೆಂಡು ಮಾತು,
ಮೊಟ್ಟೆ ಬೇಯಿಸುವ ಗಡಿಯಾರ ನನ್ನ ಮುಷ್ಟಿಯಲ್ಲಿ.

ಡೋರೀನ್ ಕಾಕೆಗ್ಯಾಮಿಕ್ ಎದ್ದು
ಮೂಸ್ ತೊಗಲಿನ ಕೈಗವಸು ಮೇಜಿನ ಸುತ್ತ ಕಳಿಸುತ್ತಾಳೆ,
ಮಾತೇ ಆಡುವುದಿಲ್ಲ; ಅರವತ್ತು ಸೆಕೆಂಡೂ
ಒಬ್ಬೊಬ್ಬರ ಕೈ ಒಳಹೊಕ್ಕು ಬೆಚ್ಚಗಾಗಿ ಬರುತ್ತದೆ.
ಸೂರಿನ ಹಿಮ ಕೆರೆಯುವ ತಾರಾಸ್ ಎರಡನೇ ವಾಕ್ಯದಲ್ಲೇ
ತನ್ನ ಮಗಳ ಹಾಕಿ ಆಟಕ್ಕೆ ಜಾರುತ್ತಾನೆ.
ಶವಸಂಸ್ಕಾರದ ಓರ್ವಿಲ್ ಪೆಲ್ಟೊಲಾ
'ನಿಮಗೂ ಅವಸರ ಬೇಡ, ನನಗೂ ಇಲ್ಲ' ಅಂದು ಕೂರುತ್ತಾನೆ.
ಪ್ರತಿ ವಾರ ಇದೇ ಮಾತು.
ಪ್ರತಿ ವಾರ ನಗುತ್ತೇವೆ, ಸ್ವಲ್ಪ ತಡವಾಗಿ.

ಒಂದು ಕಸುಬಿಗೆ ಒಂದೇ ಕುರ್ಚಿ, ಇದು ಇಲ್ಲಿಯ ಕಟ್ಟಳೆ.
ಸಾರೆಲಾ ಅಣ್ಣತಮ್ಮಂದಿರ ನಲ್ಲಿ ಅಂಗಡಿ ಒಡೆದು ಎರಡಾದಾಗ
ಟೌನೊ ಸೋಮವಾರ ಅರ್ಜಿ ಕೊಟ್ಟ,
ವೈನೊ ಬಂದದ್ದು ಮಂಗಳವಾರ.
ಬಾಗಿಲಲ್ಲೇ ತಡೆದು ಭರ್ತಿಯಾಗಿದೆ ಅಂದವಳು ನಾನೇ.
ಅವನ ಬೂಟಿನಿಂದ ಹಿಮ ಕರಗಿ
ಚಾಪೆಯ ಮೇಲೆ ಒಂದು ಒದ್ದೆ ಗುರುತು.
ನಡುವೆ ಇದ್ದದ್ದು ಒಂದೇ ಒಂದು ರಾತ್ರಿ;
ಏಳು ವರ್ಷವಾಯಿತು, ಅದಿನ್ನೂ ಬೆಳಗಾಗಿಲ್ಲ.

ಜನವರಿಯಲ್ಲಿ ಎಲ್ಲರೂ ಗುರಿ ಬರೆದರು:
ಚೀಟಿಯ ಮೇಲರ್ಧ ವ್ಯಾಪಾರಕ್ಕೆ, ಕೆಳಗಿನರ್ಧ ಬದುಕಿಗೆ.
ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀಗ ಜಡಿದದ್ದು ನಾನು.
ಬೀಗದವಳ ಕೈಗೆ ಬೀಗ ಕೊಡಬಾರದು.
ಒಂದು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟೇ ನೆಪ.

ಇವತ್ತು ಮಾರ್ಚ್. ಎಲ್ಲರೂ ಓದಬೇಕು, ಗಟ್ಟಿಯಾಗಿ.
ಟೌನೊ ಕನ್ನಡಕ ಏರಿಸಿ ಓದಿದ:
'ನಲವತ್ತು ಬಾಯ್ಲರು. ಮೂವತ್ತೊಂದು ಆದವು.'
ಚಪ್ಪಾಳೆ.
'ಇನ್ನು ಕೆಳಗಿನದು... ಹತ್ತು ಕಿಲೊ ಇಳಿಸುವುದು.'
ಐಲಿ ಅವನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿದಳು,
ಕೋಣೆಯೆಲ್ಲ ಹೋ ಎಂದಿತು.
ನಾನು ಗಡಿಯಾರ ನೋಡುತ್ತಿದ್ದೆ.
ಆ ಚೀಟಿಯಲ್ಲಿ ಕಿಲೊ ಇಲ್ಲ, ಹತ್ತು ಇಲ್ಲ;
ಪೆನ್ಸಿಲಿನಲ್ಲಿ ಎರಡೇ ಪದ: ವೈನೊಗೆ ಫೋನ್.

ಕೊನೆಗೆ ಹಳದಿ ಚೀಟಿಗಳ ಹೊತ್ತು:
ನಿನಗೊಂದು ಗಿರಾಕಿ, ನನಗೊಂದು ಗಿರಾಕಿ.
ನಾನೂ ಒಂದು ಬರೆದೆ, ಕೈ ಅಡ್ಡ ಹಿಡಿದು.
ಗಿರಾಕಿಯ ಹೆಸರು: ವೈನೊ ಸಾರೆಲಾ.
ಕೆಲಸ: ಹಳೆಯ ಪೈಪು, ಎಲ್ಲೋ ಕಟ್ಟಿಕೊಂಡಿದೆ.
ನಂಬರು: ನಿನಗೆ ಗೊತ್ತು.
ಮೇಜಿನ ಮೇಲಿಂದ ಅದು ಕೈಯಿಂದ ಕೈಗೆ ಹೋಯಿತು,
ಡೋರೀನಳ ಕೈಗವಸು ಹೋದ ದಾರಿಯಲ್ಲೇ.
ಟೌನೊ ಓದಿದ. ನನ್ನತ್ತ ನೋಡಲಿಲ್ಲ.
ಪ್ಯಾನ್‌ಕೇಕ್ ಹಾಗೇ ಬಿಟ್ಟು ಎದ್ದುಹೋದ.

ಆ ವಾರವೆಲ್ಲ ನನ್ನ ಅಂಗಡಿಯ ಬಾಗಿಲು ಕಿರ್ ಎಂದಾಗಲೆಲ್ಲ
ಬೈಸಿಕೊಳ್ಳಲು ತಯಾರಾಗಿ ತಲೆ ಎತ್ತುತ್ತಿದ್ದೆ.

ಮತ್ತೆ ಗುರುವಾರ. ವರದಿ ಒಪ್ಪಿಸುವ ಸರದಿ.
ಅಧ್ಯಕ್ಷರು ಪೆನ್ನು ಹಿಡಿದು ಕೇಳಿದರು:
'ಟೌನೊ, ಹೋದ ವಾರದ ಗಿರಾಕಿ ಏನಾಯಿತು? ಎಷ್ಟು ಡಾಲರು?'
ಅವನು ಎದ್ದು ನಿಂತ. ಟೊಪ್ಪಿ ತೆಗೆದ, ಮತ್ತೆ ಹಾಕಿಕೊಂಡ.
'ಡಾಲರೇನೂ ಇಲ್ಲ' ಅಂದ.
'ರಿಂಗಾಯಿತು. ಎತ್ತಿದ. ಇಬ್ಬರೂ ಸುಮ್ಮನಿದ್ದೆವು.'

ಗಡಿಯಾರದ ಮುಳ್ಳು ಸೊನ್ನೆಗೆ ಬಂದಿತ್ತು.
ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡೆ.
ಅವನು ಇನ್ನೂ ನಿಂತೇ ಇದ್ದ.