ನೆನೆಯದ ಧೂಳು

ಹೆಬ್ಬಾಳದ ಶೆಡ್ಡಿಗೆ ಲಾರಿ ಬಂದಾಗ
ಹಲಗೆಯೆಲ್ಲ ಒಳಗಿನಿಂದಲೇ ಕಂದು.
ಬಣ್ಣ ಬಳಿದದ್ದಲ್ಲ. ಇನ್ನೂರು ಡಿಗ್ರಿಯ ಗೂಡಿನಲ್ಲಿ
ಉರಿ ತಾಗಿಸದೆ, ಗಾಳಿ ಬಿಡದೆ
ಎರಡು ಹಗಲು ಎರಡು ರಾತ್ರಿ ಬೇಯಿಸಿದ್ದಂತೆ.
ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಸೊಟ್ಟಗಾಗುವುದಿಲ್ಲ;
ಯಾರದೋ ಈಜುಕೊಳದ ಅಂಚಿಗೆ.

ಮೊದಲ ಹಲಗೆ ಮಷೀನಿಗೆ ಕೊಟ್ಟೆ.
ಸುರುಳಿ ಬರಲಿಲ್ಲ.
ತೇಗವಾದರೆ ಹತ್ತರಿಯ ಬಾಯಿಂದ
ಚಕ್ಕುಲಿಯ ಹಾಗೆ ಸುತ್ತಿಕೊಂಡು ಬೀಳುತ್ತಿತ್ತು.
ಬೀಟೆಯದು ನೇರಳೆ ಪುಡಿ, ಭಾರ,
ಕಾಲಬುಡದಲ್ಲೇ ಕೂರುವ ಸಂಭಾವಿತ.
ಇದು ಕಾಫಿಪುಡಿಗಿಂತ ನುಣ್ಣಗೆ,
ಎದ್ದದ್ದು ಇಳಿಯಲೇ ಇಲ್ಲ.
ಟ್ಯೂಬ್‌ಲೈಟಿನ ಸುತ್ತ ತಿರುಗಿತು,
ಪ್ಲಾಸ್ಟಿಕ್ ಪೈಪಿಗೆ ಅಂಟಿತು,
ರೆಪ್ಪೆಗೆ, ಟಿಫನ್ ಡಬ್ಬಿಯ ತಿರುಪಿಗೆ,
ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷ ಬೀಟೆ ಕೊರೆದ
ಮುಜೀಬಣ್ಣನ ಗಡ್ಡಕ್ಕೆ.

ವಾಸನೆ ಮಾತ್ರ
ಪಾಂಡವಪುರದ ಕಡೆ ಆಲೆಮನೆಯಲ್ಲಿ
ಕೊಪ್ಪರಿಗೆಯ ತಳ ಹಿಡಿದ ಪಾಕದ್ದು.
ಮೊದಲ ದಿನ ಮೂಗರಳಿಸಿದೆವು.
ಮೂರನೆಯ ದಿನ ಕೆಮ್ಮಿದೆವು.
"ಬೇರೆ ಮರದ ಧೂಳಿಗೆ ಒಂಚೂರು ನಾಚಿಕೆ ಇರ್ತದೆ,
ಇದಕ್ಕಿಲ್ಲ" ಅಂದ ಮುಜೀಬಣ್ಣ,
ಒದ್ದೆ ಕರ್ಚೀಫು ಬಿಗಿಯುತ್ತ.
ಓನರು ಮಾಸ್ಕ್ ತಂದರು, ಐದು. ನಾವು ಏಳು ಜನ.

ಹೊಟ್ಟಿನ ಒಲೆಗೆಂದು ವಾರಕ್ಕೆರಡು ಮೂಟೆ ಒಯ್ಯುವ
ಮೇಟಗಳ್ಳಿಯ ಸಣ್ಣತಾಯಮ್ಮ
ಅದನ್ನೂ ಹೊತ್ತು ಹೋದಳು.
ಮಾರನೆಯ ದಿನ ಮೂಟೆ ವಾಪಸ್ಸು.
"ಎಷ್ಟು ಗಿಡಿದ್ರೂ ನಿಲ್ಲಲ್ಲ ಕಣಪ್ಪ,
ನಡುವಿನ ಬಾಟ್ಲಿ ಕಿತ್ರೆ ಪುಸಕ್ಕಂತ ಕುಸಿಯುತ್ತೆ.
ನೀರು ಚಿಮುಕಿಸಿದೆ, ನೀರ ಮೇಲೇ ಕೂತ್ಕಂತು.
ಕಡ್ಡಿ ಗೀರಿದ್ರೆ ಭಗ್ ಅಂತ ಹುಬ್ಬು ಸುಟ್ತು.
ಒಂದ್ಸಲ ಬೆಂದಿರೋದು
ಇನ್ನೊಬ್ಬರ ಒಲೇಲಿ ಮಾತು ಕೇಳಲ್ಲ."

ಅರ್ಧ ಹುಬ್ಬಿನಲ್ಲಿ ನಗುತ್ತಿದ್ದಳು.
ಗಂಡ ಸತ್ತ ಮೇಲೆ ಮೈದುನರ ಮನೆ ಬಿಟ್ಟು
ಒಬ್ಬಳೇ ಒಲೆ ಹೂಡಿದವಳು;
ಹೇಳಿದ್ದು ಧೂಳಿನ ಬಗ್ಗೆಯೇ ಇರಬೇಕು.

ಅಂದಿನಿಂದ ಚೀಲ ತುಂಬುವ ಮುಂಚೆಯೇ ಕಳಚುತ್ತೇವೆ.
ಗ್ರೈಂಡರು ಆಚೆ ಬೇವಿನಡಿ ಹೋಯಿತು,
ಒಂದು ಕಿಡಿಗೆ ಹೆದರಿ.

ಸಂಜೆ ನಲ್ಲಿಗೆ ಕೈ ಒಡ್ಡಿದರೆ
ಮೊಣಕೈವರೆಗೂ ಕೆಸುವಿನ ಎಲೆ:
ನೀರು ಗುಂಡಗಾಗಿ ಉರುಳಿ ಹೋಗುತ್ತದೆ.
ಇದೂ ಒಂದು ಕಾಲಕ್ಕೆ
ಬೇರಿನಿಂದ ತುದಿಯವರೆಗೆ ನೀರು ಹೊತ್ತದ್ದೇ.
ಯಾವ ದೇಶದ ಕಾಡೋ, ಬಿಲ್ಲಿನಲ್ಲಿ ಬರೆದಿದೆ.
ಅದು ನೆನೆಯುವುದಿಲ್ಲ.
ಸೋಪು ಹಚ್ಚುತ್ತೇನೆ, ಮತ್ತೆ ಹಚ್ಚುತ್ತೇನೆ.

ಗೇಟಿನ ಹತ್ತಿರ ಮುಜೀಬಣ್ಣ
ಸೈಕಲ್ಲಿನ ಸೀಟು ಒರೆಸುತ್ತಿದ್ದಾನೆ.
ಒರೆಸಿದಷ್ಟೂ ಅಂಟುತ್ತಿದೆ.