ಲಾಭ, ಎರಡು, ಮೂರು

ಗ್ರಿಮ್ಸ್‌ಬಿ. ಮಂಗಳವಾರ. ಚರ್ಚಿನ ಹಿಂಬದಿಯ ಕೋಣೆ,
ಬಾಡಿಗೆ ಗಂಟೆಗೆ ಹದಿನಾಲ್ಕು ಪೌಂಡು.
ಮಡಿಸುವ ಮೇಜಿನ ಮೇಲೆ ನನ್ನ ಸರಂಜಾಮು:
ಇಪ್ಪತ್ತೈದು ತೂತಿನ ಹಲಗೆ, ಬಟ್ಟಲು ತುಂಬ ಹಿತ್ತಾಳೆ ಮೊಳೆ,
ಬೆರಳು ಬಡಿದಷ್ಟನ್ನೂ ಎಣಿಸುವ ಒಂದು ಕರಿ ಗುಂಡಿ,
ಹತ್ತು ಸೆಕೆಂಡಿಗೆ ಕೂಗುವ ಗಡಿಯಾರ.
ಮುಪ್ಪು ಅಳೆಯಲು ಇಷ್ಟು ಸಾಕು. ಒಂದೇ ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ.

ಬೆಳಗಿನಿಂದ ಹನ್ನೊಂದು ಜನ ಬಂದು ಹೋದರು.
ಅಂಚೆ ವಿಂಗಡಿಸುತ್ತಿದ್ದವನು, ಕಾಜಾ ಹೊಲಿಯುತ್ತಿದ್ದವಳು,
ನಾನೇನೂ ಮಾಡಲಿಲ್ಲಮ್ಮ, ಬ್ಯಾಂಕಿನಲ್ಲಿದ್ದೆ, ಅಂದವರೊಬ್ಬರು.
ಕೈ ಮೇಜಿನ ಮೇಲಿಡುವ ಮುಂಚೆ ಎಲ್ಲರೂ
ಒಮ್ಮೆ ಅಂಗೈ ಉಜ್ಜಿಕೊಳ್ಳುತ್ತಾರೆ, ರೊಟ್ಟಿ ತಟ್ಟಲು ಕೂತವರ ಹಾಗೆ.
ಮೊಳೆ ಜಾರಿ ಉರುಳಿದಾಗ ನನ್ನನ್ನಲ್ಲ, ಕೈಯನ್ನು ನೋಡುತ್ತಾರೆ,
ನೆಂಟರೆದುರು ಮಾನ ಕಳೆದ ಮಗುವನ್ನು ನೋಡಿದ ಹಾಗೆ.

ಹನ್ನೆರಡನೆಯವಳು ನೋರೀನ್ ಓಡ್ಲಿಂಗ್. ಎಂಬತ್ತೊಂದು.
ಬಂದರಿನ ಶೆಡ್ಡಿನಲ್ಲಿ ಮೂವತ್ತೇಳು ವರ್ಷ ಮೀನು ಸೀಳಿದವಳು.
ನಿಮಿಷಕ್ಕೆ ಎಷ್ಟು ಮೀನು, ಅಂದೆ.
ಮೀನು ಎಣಿಸುವವರು ಯಾರು, ಕಲ್ಲಿನ ಲೆಕ್ಕದಲ್ಲಿ ಕೂಲಿ, ಅಂದಳು.
ಕಲ್ಲು ಅಂದರೆ ಇಲ್ಲೂ ತೂಕವೇ, ಆರು ಕೇಜಿ ಚಿಲ್ಲರೆ.

ಗುಂಡಿಯ ಮೇಲೆ ಬೆರಳಿಟ್ಟಳು. ತೆಗೆದಳು.
"ಬಿಸಿನೀರು ಎಲ್ಲಿ?"
ಶೆಡ್ಡಿನಲ್ಲಿ ಪ್ರತಿಯೊಬ್ಬರ ಕಾಲ ಬಳಿ ಒಂದು ಬಕೆಟ್ಟಂತೆ.
ಐಸಿನ ಹ್ಯಾಡಕ್ ಹಿಡಿದು ಹಿಡಿದು ಬೆರಳು ಕಟ್ಟಿಗೆಯಾದಾಗ
ಅದ್ದು, ಮೂರು ಉಸಿರು, ಮತ್ತೆ ಚಾಕು.
"ಅದ್ದದೆ ಈ ಕೈ ಏಳೋದಿಲ್ಲ ಕಣೇ."

ನನ್ನ ಕೈಪಿಡಿಯ ಒಂಬತ್ತನೇ ಪುಟ:
ಪರೀಕ್ಷೆಗೆ ಮುನ್ನ ಕೈಗಳನ್ನು ಬೆಚ್ಚಗೆ ಮಾಡಕೂಡದು.
ನಾನು ಅಡುಗೆಕೋಣೆಗೆ ಹೋಗಿ ಕೆಟಲ್ ಹಾಕಿದೆ.
ಕಪ್ಪು ತೊಳೆಯುವ ಹಳದಿ ಪ್ಲಾಸ್ಟಿಕ್ ಬೋಗುಣಿ,
ಒಂದು ಬದಿಗೆ ಸೋಪಿನ ವಾಸನೆ ಇನ್ನೂ ಇತ್ತು.
ಮಣಿಕಟ್ಟಿನವರೆಗೆ ಎರಡೂ ಕೈ ಮುಳುಗಿಸಿ
ಕಣ್ಣು ಮುಚ್ಚಿದಳು. ಗಡಿಯಾರವನ್ನು ನಾನು ಮಗುಚಿಟ್ಟೆ.

ಬಲಗೈ, ಮೂವತ್ತೊಂದು ಬಡಿತ.
ಎಡಗೈ, ನಲವತ್ತು.
ನಿಯಮದಂತೆ ಮತ್ತೊಮ್ಮೆ. ಮತ್ತೂ ಎಡವೇ ಮುಂದು.
ನೀವು ಬಲಗೈಯವರೇ ತಾನೆ?
ಹ್ಞೂಂ ಎಂದು ನಕ್ಕಳು. "ಚಾಕು ಈ ಕೈದು. ಅದು ಬರೀ ಮೀನು ಹಿಡಿದಿತ್ತು.
ಖರ್ಚಾಗದೆ ಉಳಿದಿದೆ ನೋಡು."
ಎಡಗೈ ಮಗುಚಿ ಮಗುಚಿ ನೋಡಿಕೊಂಡಳು,
ಸೀರೆಯಲ್ಲದಿದ್ದರೂ ಸೆರಗಿನ ಗಂಟಲ್ಲಿ ನಾಣ್ಯ ಸಿಕ್ಕವಳ ಹಾಗೆ.
ಬರೀ ಹಿಡಿದ ಕೈಗೇ ಗಾಯವೆಲ್ಲ:
ಹೆಬ್ಬೆರಳ ಬುಡದಲ್ಲಿ ಏಳು ಬಿಳಿ ಗೆರೆ.
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಗದಗಿನ ಪೇಟೆಯಲ್ಲಿ ಅಪ್ಪ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅಂದದ್ದೇ ಇಲ್ಲ.
ಲಾಭ, ಅನ್ನುತ್ತಿದ್ದ. ಆಮೇಲೆ ಎರಡು, ಮೂರು.
ಲಾಭ ಅಂದ ವರ್ಷವೂ ನಷ್ಟವಾದದ್ದುಂಟು,
ಆದರೂ ಎಣಿಕೆಗೆ ಬಾಗಿಲು ಅದೇ.

ಸಂಜೆ ಕಳಿಸಿದ ಹಾಳೆಯ ಕಿರುಚೌಕದಲ್ಲಿ ಬರೆದಿದ್ದೆ:
ಬಿಸಿನೀರು ಕೊಟ್ಟಿದೆ.
ಶುಕ್ರವಾರ ಲೀಡ್ಸ್‌ನಿಂದ ಉತ್ತರ, ಒಂದೇ ಸಾಲು:
ಹನ್ನೆರಡನೆಯದನ್ನು ಲೆಕ್ಕದಿಂದ ತೆಗೆಯಲಾಗಿದೆ.

ನನಗೀಗ ಐವತ್ತಮೂರು.
ಬಸ್ಸಿನ ಮುಂದಿನ ಸೀಟಿನ ಬೆನ್ನಿಗೆ ಕಬ್ಬಿಣದ ಹಿಡಿ,
ಚೀಲ ಅಡ್ಡ ಹಿಡಿದು, ಎಡಗೈ ತೋರುಬೆರಳಿನಿಂದ,
ಲಾಭ,
ಎರಡು,
ಮೂರು,
ಹತ್ತು ಸೆಕೆಂಡಾಗುವ ಮೊದಲೇ
ನನ್ನ ನಿಲ್ದಾಣ ಬಂತು.