ಕೋರಮಂಡಲ್ ಸ್ಟೇಷನ್ನಿನಲ್ಲಿ ಕಡಲಿಲ್ಲ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು
ಒಂದು ನಿಮಿಷ ನಿಲ್ಲುವ ಈ ಸ್ಟೇಷನ್ನಿಗೆ
ಕರಾವಳಿಯ ಹೆಸರಿಟ್ಟವನು ಯಾವ ಪುಣ್ಯಾತ್ಮನೋ.
ಕಣ್ಣು ಹಾಯುವಷ್ಟೂ ಸೈನೈಡ್ ದಿಬ್ಬ,
ಗಾಳಿ ಎದ್ದರೆ ಬಾಯಲ್ಲಿ ಬಿಳೀ ಹುಡಿ.
ನೇವಿಗೆ ಸೇರುವಾಗ ಊರು ಕೇಳಿದ ಸಾಹೇಬ,
ಕೋರಮಂಡಲ್ ಅಂದದ್ದಕ್ಕೆ
ಈಜು ಬರುತ್ತೆ ಅಂತ ಬರೆದುಕೊಂಡ.
ಬರುತ್ತಿರಲಿಲ್ಲ.

ಗೊತ್ತಿದ್ದದ್ದು ಇಳಿಯುವುದು.
ಅಪ್ಪ ಚೌರಪ್ಪ ಚಾಂಪಿಯನ್ ರೀಫಿನ ಕೇಜಿನಲ್ಲಿ
ಭುಜಕ್ಕೆ ಭುಜ ತಾಗಿಸಿ ದಿನಾ ಇಳಿದವನು.
ಒಂದು ಗಂಟೆಗೆ ನಿಲ್ಲಿಸು, ಎರಡಕ್ಕೆ ಇಳಿಸು,
ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ.
ಮನೆಯಲ್ಲೂ ಅದೇ ಲೆಕ್ಕ:
ತಟ್ಟೆಗೆ ಚಮಚ ಎರಡು ಸಲ ಬಡಿದನೆಂದರೆ
ಅಮ್ಮ ಸಾರಿನ ಪಾತ್ರೆ ಇಳಿಸಬೇಕು.

ನನ್ನ ದೋಣಿಯಲ್ಲಿ ಚಮಚ ಬೀಳಿಸಿದವನಿಗೆ ಶಿಕ್ಷೆ.
(ಪೇಪರಿನವರು ಜಲಾಂತರ್ಗಾಮಿ ಅಂತಾರೆ, ನಾವು ದೋಣಿ ಅಂತೀವಿ.
ಅದರ ಹೆಸರು ಹೇಳುವಂತಿಲ್ಲ, ಹೇಳುವುದಿಲ್ಲ.)
ಹೊಟ್ಟೆಯಲ್ಲಿ ಅಣುವಿನ ಒಲೆ:
ಸೌದೆಯಿಲ್ಲ, ಹೊಗೆಯಿಲ್ಲ, ಊದುವವರಿಲ್ಲ.
ಅದರ ಕಾವಲಿಗೆ ಹದಿನೇಳು ವರ್ಷ ನಾನು.
ಮುಂದುಗಡೆ ಕ್ಷಿಪಣಿಗಳ ಕೊಳವೆ, ಸಾಲಾಗಿ;
ಅವುಗಳ ಸಂದಿಯಲ್ಲೇ ಈರುಳ್ಳಿ ಮೂಟೆ,
ಕೇರಂ ಬೋರ್ಡು, ಯಾರದೋ ಒಣಗುವ ಬನಿಯನ್ನು.
ಊರೂರನ್ನೇ ಸುಡಬಲ್ಲದ್ದಕ್ಕೆ ಬೆನ್ನು ಆನಿಸಿ
ಮಲಗಿದ್ದೇವೆ. ಚೆನ್ನಾಗಿ ನಿದ್ದೆ ಬರುತ್ತಿತ್ತು.
ಸುಳ್ಳು ಯಾಕೆ ಹೇಳಲಿ.

ಈಗ ಕಾಗದ ಬಂದಿದೆ, ಎರಡು ಸೀಲು ಒತ್ತಿ.
ನಡುವನ್ನು ಕೊಯ್ದು ಕೊಳವೆಗಳನ್ನು ಕಿತ್ತು
ತಲೆಗೂ ಬಾಲಕ್ಕೂ ಬೆಸುಗೆ ಹಾಕಿ
ಧಕ್ಕೆಗೆ ಸರಪಣಿಯಲ್ಲಿ ಕಟ್ಟಿದ್ದಾರಂತೆ.
ಇನ್ನು ಅದು ಮುಳುಗುವುದಿಲ್ಲ.
ಒಲೆ ಮಾತ್ರ ಉರಿಯುತ್ತಿರುತ್ತದೆ,
ಹೊಸ ಹುಡುಗರಿಗೆ ಪಾಠವಾಗಲಿಕ್ಕೆ.
ಕಲಿಸಲು ಬರುತ್ತೀರಾ ಎಂದು ಕೇಳಿದ್ದಾರೆ.

ಅಪ್ಪನಿಗೆ ಓದಿ ಹೇಳಿದೆ. ಡ್ರಿಲ್ಲು ತಿಂದ ಕಿವಿ ಅವನದು;
ದೇಶದ ಗುಟ್ಟನ್ನು ಕೂಗಿ ಕೂಗಿ ಹೇಳಬೇಕಾಯಿತು,
ಪಕ್ಕದ ಲೈನಿನ ಕೋಳಿಗಳೂ ಕತ್ತೆತ್ತಿದವು.
ಬಹಳ ಹೊತ್ತು ಯೋಚಿಸಿ ಕೇಳಿದ:
‘ಹೊಟ್ಟೆ ಕೊಯ್ದರೂ ಒಲೆ ಆರಿಸಲಿಲ್ಲವಾ?’
‘ಇಲ್ಲ.’
‘ನಮ್ಮಲ್ಲಿ ಪಂಪು ನಿಲ್ಲಿಸಿದರು ನೋಡು. ಅಷ್ಟೇ.’

ಸಂಜೆ ಶಾಫ್ಟಿನ ಬೇಲಿಯ ತನಕ ಕರೆದುಕೊಂಡು ಹೋದ.
ಚಕ್ರ ತಿರುಗದ ಕಬ್ಬಿಣದ ಗೋಪುರ, ಒಳಗೆ
ಏರ್ ಬ್ಲಾಸ್ಟಿಗೆ ಸಿಕ್ಕಿ ಮೇಲೆ ಬಾರದ ಅವನ ಜೊತೆಗಾರರು,
ಅವರ ಮೇಲೆ ನೀರು.
ಹಿಂದೆ ಕಲ್ಲು ಎಸೆದರೆ ಸದ್ದೇ ಬರುತ್ತಿರಲಿಲ್ಲ,
ಈಗ ಎಣಿಸುವಷ್ಟರಲ್ಲಿ ಬುಳುಕ್.
‘ನಿನ್ನ ದೋಣಿ ಇಲ್ಲಿಗೇ ತಂದುಬಿಡೋ,’ ಅಂದ,
‘ಬೇಕಾದಷ್ಟು ಆಳ ಇದೆ.’

ನಾನು ನಕ್ಕೆ. ಅವನು ನಗಲಿಲ್ಲ.
ಬಗ್ಗಿ, ಬೋಲ್ಟೊಂದನ್ನು ಆಯ್ದು,
ಬೇಲಿಯ ಪೈಪಿಗೆ ಹೊಡೆದ: ಒಂದು, ಎರಡು, ಮೂರು.
ಕಾದ.
ಉತ್ತರ ಬಂದರೂ ಅವನಿಗೆ ಕೇಳಿಸುವುದಿಲ್ಲ,
ಅದಕ್ಕೇ ನನ್ನ ಮುಖ ನೋಡಿದ.
ನಿಶ್ಶಬ್ದವನ್ನು ಕೇಳಿಯೇ ಹದಿನೇಳು ವರ್ಷ ಸಂಬಳ ತಿಂದವನು,
ಹೂಂ, ಎಂದು ತಲೆಯಾಡಿಸಿದೆ.